ಕಿರಣ ಚಿಕಿತ್ಸೆಯೂ ಚರ್ಮವೂ



ಅರ್ಬುದ ರೋಗವನ್ನು, ಎಂದರೆ ಎಲ್ಲರೂ ಈಗ ಕ್ಯಾನ್ಸರ್ ಎಂದು ಕರೆಯುವ ವ್ಯಾಧಿಯನ್ನು, ಎದುರಿಸಲು ವೈದ್ಯಶಾಸ್ತ್ರದ ಕೈಯಲ್ಲಿ ಮುಖ್ಯವಾಗಿ ಮೂರು ಸಾಧನಗಳಿವೆ: ಶಸ್ತ್ರ, ಔಷಧ, ಕಿರಣ. ಮೊದಲಿನ ಎರಡು ನಮಗೆ ಅಪರಿಚಿತವಲ್ಲ. ಕತ್ತಿ ಕೊಯ್ಯುವುದನ್ನೂ ಮದ್ದು ನಾಲಗೆಗೆ ಕಹಿಯಾಗುವುದನ್ನೂ ನಾವು ಬಲ್ಲೆವು. ಮೂರನೆಯದಾದ ಕಿರಣವಾದರೋ ಕಣ್ಣಿಗೆ ಕಾಣದು, ವಾಸನೆಗೆ ಸಿಕ್ಕದು, ಮೈಯನ್ನು ಹೊಕ್ಕು ಹೊರಟರೂ ಹೊಕ್ಕುದು ತಿಳಿಯದು. ತಿಳಿಯದ ವಸ್ತುವಿಗೆ ತಿಳಿದ ಹೆಸರನ್ನಿಡುವುದು ಮನುಷ್ಯ ಸ್ವಭಾವ. ನಮ್ಮ ಜನರು ಈ ಚಿಕಿತ್ಸೆಯನ್ನು 'ಕರೆಂಟು ಕೊಡುವುದು' ಎನ್ನುತ್ತಾರೆ. ಕರೆಂಟು ಎಂದ ಮೇಲೆ ಸುಡಲೇಬೇಕಲ್ಲವೆ? ಅಂತಲೇ ಆಸ್ಪತ್ರೆಯಲ್ಲಿ ವೈದ್ಯರಿಗೆ ರೋಗಿಯ ಕಡೆಯವರು ಮೊಟ್ಟಮೊದಲು ಹಾಕುವ ಪ್ರಶ್ನೆ 'ಇದರಿಂದ ಗುಣವಾಗುವುದೆ?' ಎಂಬುದಕ್ಕಿಂತ ಹೆಚ್ಚಾಗಿ 'ಮೈ ಸುಟ್ಟುಹೋಗುವುದಿಲ್ಲವಷ್ಟೆ?' ಎಂಬುದಾಗಿರುತ್ತದೆ. ಇಂದಿನ ಭಾಷಣದಲ್ಲಿ ಈ ಎರಡನೆಯ ಪ್ರಶ್ನೆಯನ್ನೇ ನಾವು ವಿಚಾರಕ್ಕೆ ತೆಗೆದುಕೊಳ್ಳುವೆವು. ಮೊದಲನೆಯ ಪ್ರಶ್ನೆಯ ಉತ್ತರವು ಬಹುಮಟ್ಟಿಗೆ ಎರಡನೆಯದನ್ನು ನಾವು ಹೇಗೆ ಅರ್ಥಮಾಡಿಕೊಳ್ಳುವೆವೆಂಬುದನ್ನೇ ಅವಲಂಬಿಸಿದೆ.

ಕಿರಣದಿಂದ ಚರ್ಮ ಸುಡುವುದೆಂಬ ಮಾತನ್ನು ಮೊದಲು ಪರೀಕ್ಷಿಸೋಣ. ಒಂದು ಕಿಲೋಗ್ರಾಂ ತೂಕದ ಮಾಂಸವು ಕಿರಣದಿಂದ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಆ ಪ್ರಮಾಣಕ್ಕೆ ಒಂದು ಗ್ರೇ ಎಂದು ಹೆಸರು. ಸಾಧಾರಣವಾಗಿ ರೋಗಿಗೆ ದಿನಕ್ಕೆ 2 ಗ್ರೇಯಷ್ಟು ಕೊಡುವುದು ಬಹುಕಾಲದ ವಾಡಿಕೆ. ಇಷ್ಟು ಶಕ್ತಿಯಿಂದ ಮೈಯ ಶಾಖವು ಏರುವುದು ಒಂದು ಡಿಗ್ರಿಯ ಎರಡು ಸಾವಿರದಲ್ಲೊಂದು ಪಾಲು ಮಾತ್ರ! ಏಳು ವಾರಗಳ 70 ಗ್ರೇಯನ್ನೂ ಒಟ್ಟಿಗೆ ಕೂಡಿಸಿ ಲೆಕ್ಕ ಹಾಕಿದರೂ ಡಿಗ್ರಿಯ ಐವತ್ತರಲ್ಲೊಂದು ಪಾಲನ್ನು ಮುಟ್ಟದು. ಒಂದು ಗುಟುಕು ಬಿಸಿ ಕಾಫಿ ಗಂಟಲಿಗೆ ಕೊಡುವ ಶಾಖ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದುದರಿಂದ ಬೆಂಕಿಯ ಅರ್ಥದಲ್ಲಿ ಇದು ಸುಡುವುದೇ ಅಲ್ಲ.

ಹಾಗಾದರೆ ಚರ್ಮಕ್ಕೆ ಆಗುವುದೇನು? ನಮ್ಮ ಹೊರಚರ್ಮವು ಸದಾ ಹುಟ್ಟುತ್ತ ಸದಾ ಉದುರುತ್ತಿರುವ ವಸ್ತು. ಅದರ ತಳದಲ್ಲಿರುವ ಒಂದು ಸಾಲು ಜೀವಕಣಗಳು ಎಡೆಬಿಡದೆ ಒಡೆದು ಇಬ್ಬಗೆಯಾಗಿ ಹೊಸ ಕಣಗಳನ್ನು ಮೇಲಕ್ಕೆ ತಳ್ಳುತ್ತಿರುವುವು. ಹಾಗೆ ತಳ್ಳಲ್ಪಟ್ಟುವು ಸುಮಾರು ನಾಲ್ಕು ವಾರಗಳಲ್ಲಿ ಮೇಲ್ಮೈಯನ್ನು ಸೇರಿ, ಒಣಗಿ, ನಮಗೆ ತಿಳಿಯದಂತೆಯೇ ಉದುರಿಹೋಗುವುವು. ಕಿರಣವು ಮೇಲಿನ ಒಣ ಕಣಗಳನ್ನು ಏನೂ ಮಾಡದು. ತಳದ ಸಾಲಿನಲ್ಲಿ ಒಡೆಯಲು ಸಿದ್ಧವಾಗಿರುವ ಕಣಗಳ ಬೀಜಕೇಂದ್ರವನ್ನು ಅದು ಕೆಡಿಸುತ್ತದೆ. ಅರ್ಬುದದ ಕಣಗಳನ್ನು ಕೊಲ್ಲುವುದೂ ಇದೇ ಬಗೆಯಿಂದಲೇ. ತಳದಲ್ಲಿ ಹುಟ್ಟು ನಿಂತರೂ ಮೇಲೆ ಉದುರುವುದು ನಿಲ್ಲದು. ಕೆಲವು ವಾರ ಹಳೆಯ ದಾಸ್ತಾನಿನಿಂದ ಕಾಲ ನೂಕಿ, ದಾಸ್ತಾನು ತೀರಿದ ಮೇಲೆ ಚರ್ಮವು ತೆಳುವಾಗಿ ಕೊನೆಗೆ ಬಿರಿಯುವುದು. ಇಂದು ಬಿದ್ದ ಕಿರಣದ ಫಲ ಇಂದೇ ಕಾಣದೆ ವಾರಗಳ ಮೇಲೆ ಕಾಣುವುದು ಇದರಿಂದಲೇ.

ಈ ವಿಳಂಬವೇ ಮೊದಲ ಸಂಶೋಧಕರನ್ನು ಮೋಸಗೊಳಿಸಿತು. ರಾಂಟ್ಜನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದುದು 1895ರ ನವೆಂಬರಿನಲ್ಲಿ. ಮರುವರ್ಷವೇ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಡೇನಿಯಲ್ ಎಂಬಾತನು ತನ್ನ ಸಹೋದ್ಯೋಗಿಯಾದ ಡಡ್ಲಿ ಎಂಬಾತನ ತಲೆಬುರುಡೆಯ ಚಿತ್ರವನ್ನು ತೆಗೆಯಲು ಒಂದು ಗಂಟೆಯ ಕಾಲ ಕಿರಣವನ್ನು ಹಾಯಿಸಿದನು. ಆಗ ಯಾವ ವಿಕಾರವೂ ಕಾಣಲಿಲ್ಲ. ಇಪ್ಪತ್ತೊಂದು ದಿನಗಳ ಮೇಲೆ, ಕಿರಣ ಬಿದ್ದೆಡೆಯಲ್ಲಿ ಎರಡು ಅಂಗುಲದಗಲದ ಕೂದಲೆಲ್ಲವೂ ಉದುರಿತು. ಅದಕ್ಕೂ ಹೆಚ್ಚಿನ ಧೈರ್ಯವನ್ನು ತೋರಿದವನು ಪಿಯೆರ್ ಕ್ಯೂರಿ. ತಾನೂ ತನ್ನ ಪತ್ನಿ ಮಾರಿ ಕ್ಯೂರಿಯೂ 1898ರಲ್ಲಿ ಬೆಳಕಿಗೆ ತಂದ ರೇಡಿಯಂ ಧಾತುವನ್ನು ಬೇಕೆಂದೇ ತನ್ನ ತೋಳಿನ ಮೇಲೆ ಹತ್ತು ಗಂಟೆ ಇಟ್ಟುಕೊಂಡು, ಆದುದನ್ನು ಒಂದೊಂದಾಗಿ ಬರೆದಿಟ್ಟನು. ಮೊದಲು ಕೆಂಪು. ನೋವೆನ್ನುವಷ್ಟು ನೋವಿಲ್ಲ. ಇಪ್ಪತ್ತನೆಯ ದಿನ ಹಕ್ಕಳೆ, ಆಮೇಲೆ ಹುಣ್ಣು. ನಲವತ್ತೆರಡನೆಯ ದಿನ ಅಂಚಿನಿಂದ ಹೊಸ ಚರ್ಮ. ಐವತ್ತೆರಡನೆಯ ದಿನವೂ ನಡುವೆ ಒಂದು ಬೂದು ಬಣ್ಣದ ಮಚ್ಚೆ ಉಳಿದಿತ್ತು. 1901ರಲ್ಲಿ ಬೆಕ್ವೆರೆಲನೊಡನೆ ಆತನು ಇದನ್ನು ಪ್ರಕಟಿಸಿದನು. ಇಂದಿನ ರೋಗಿಯ ಮೈಮೇಲೆ ನಡೆಯುವ ಕ್ರಮವೂ ಹೆಚ್ಚುಕಡಿಮೆ ಇದೇ ಎಂಬುದನ್ನು ಗಮನಿಸಬೇಕು. ವ್ಯತ್ಯಾಸವೇನೆಂದರೆ ಇಂದು ಅದನ್ನು ಮುಂಚೆಯೇ ಎಣಿಸಿಡಬಹುದು.

ಬಹುಕಾಲದವರೆಗೆ ಕಿರಣವನ್ನು ಅಳೆಯಲು ವೈದ್ಯರಿಗೆ ಇದ್ದ ಅಳತೆಗೋಲು ರೋಗಿಯ ಚರ್ಮವೇ ಆಗಿತ್ತು. ಚರ್ಮವು ಕೆಂಪೇರುವಷ್ಟು ಕೊಟ್ಟರೆ ಅದು 'ಒಂದು ಚರ್ಮ ಪ್ರಮಾಣ'. ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಸಮ್ಮೇಳನವು 1928ರಲ್ಲಿ 'ರಾಂಟ್ಜನ್' ಎಂಬ ಮಾನವನ್ನು ಒಪ್ಪಿಕೊಂಡ ಮೇಲೆ ಚರ್ಮಕ್ಕೆ ಆ ಕೆಲಸದಿಂದ ಬಿಡುಗಡೆಯಾಯಿತು. ಆದರೆ ಕಷ್ಟದಿಂದ ಬಿಡುಗಡೆಯಾಗಲಿಲ್ಲ. ಆ ಕಾಲದ ಯಂತ್ರಗಳ ಕಿರಣವು ತನ್ನ ಬಲದ ಬಹುಪಾಲನ್ನು ಮೇಲ್ಮೈಯಲ್ಲೇ ಕಳೆದುಕೊಳ್ಳುತ್ತಿತ್ತು. ಒಳಗಿನ ಗಂತಿಯನ್ನು ತಲಪಬೇಕಾದರೆ ಚರ್ಮವನ್ನು ಬಲಿಗೊಡಬೇಕಾಗುತ್ತಿತ್ತು. ಪ್ಯಾರಿಸಿನಲ್ಲಿ ರೆಗೋ ಮತ್ತು ಕುಟಾರ್ ಎಂಬ ವೈದ್ಯರು ಒಂದೇ ಏಟಿಗೆ ಕೊಡುವ ಬದಲು ಪ್ರಮಾಣವನ್ನು ಹಲವು ದಿನಗಳಿಗೆ ಹಂಚಿದರೆ ಚರ್ಮವು ತಾಳಿಕೊಳ್ಳುವುದೆಂಬುದನ್ನು 1920ರ ದಶಕದಲ್ಲಿ ತೋರಿಸಿಕೊಟ್ಟರು. ರೋಗಿಯು ವಾರಗಟ್ಟಲೆ ದಿನದಿನವೂ ಆಸ್ಪತ್ರೆಗೆ ಅಲೆಯುವ ಪದ್ಧತಿಯ ಮೂಲ ಇದು. ಎರಡನೆಯ ಉಪಕಾರ 1951ರಲ್ಲಿ ಕೆನಡಾ ದೇಶದಲ್ಲಿ ಬಳಕೆಗೆ ಬಂದ ಕೋಬಾಲ್ಟ್ ಯಂತ್ರದಿಂದ ಆಯಿತು. ಅದರ ಕಿರಣದ ಬಲವು ಚರ್ಮದ ಅರ್ಧ ಸೆಂಟಿಮೀಟರು ಕೆಳಗೆ ಪರಮಾವಧಿಗೆ ಬರುವುದು. ಆಮೇಲೆ ಬಂದ ವೇಗವರ್ಧಕ ಯಂತ್ರಗಳಲ್ಲಿ ಇನ್ನೂ ಆಳದಲ್ಲಿ, ಒಂದೂವರೆ ಸೆಂಟಿಮೀಟರಿನಷ್ಟು ಕೆಳಗೆ. ಚರ್ಮಕ್ಕೆ ಬೀಳುವುದು ಹೀಗೆ ಕಡಿಮೆಯಾಯಿತೇ ಹೊರತು ಇಲ್ಲವಾಗಲಿಲ್ಲ. ಕತ್ತಿನ ಗಂತಿಗಳೂ ಸ್ತನದ ರೋಗವೂ ಚರ್ಮದ ಹತ್ತಿರವೇ ಇರುವುದರಿಂದ ಅಲ್ಲಿ ಚರ್ಮವನ್ನು ಪೂರ್ತಿಯಾಗಿ ತಪ್ಪಿಸುವುದು ಸಾಧ್ಯವೂ ಅಲ್ಲ, ಕೆಲವು ವೇಳೆ ಯುಕ್ತವೂ ಅಲ್ಲ.

ಇನ್ನು ದಿನಚರಿಗೆ ಬರೋಣ. ಮೊದಲ ವಾರದಲ್ಲಿ ಏನೂ ಕಾಣದು. ಎರಡನೆಯ, ಮೂರನೆಯ ವಾರಗಳಲ್ಲಿ ಚರ್ಮವು ಬೆಚ್ಚಗಾಗಿ, ಬಿಗಿದಂತಾಗಿ, ನವೆ ತೊಡಗುವುದು. ಅಲ್ಲಿನ ಕೂದಲು ಉದುರುವುದು. ಬೆವರು ಕಡಿಮೆಯಾಗಿ ಒಣಗುವುದು. ನಾಲ್ಕನೆಯ ವಾರದ ಸುಮಾರಿಗೆ ಹೊಟ್ಟೆದ್ದು ಸಿಪ್ಪೆ ಸುಲಿಯುವುದು. ಪ್ರಮಾಣವು 40–50 ಗ್ರೇಯನ್ನು ದಾಟಿದರೆ ಕೆಲವರಲ್ಲಿ, ಮುಖ್ಯವಾಗಿ ಕತ್ತಿನ ಮಡಿಕೆ, ಕಂಕುಳು, ಸ್ತನದ ಕೆಳಭಾಗ, ತೊಡೆಸಂದು ಮೊದಲಾಗಿ ಚರ್ಮಕ್ಕೆ ಚರ್ಮ ಉಜ್ಜುವ ಎಡೆಗಳಲ್ಲಿ, ಮೇಲ್ಪದರವು ಕಳಚಿ ತಿಳಿನೀರು ಒಸರುವುದು. ನೋಡಲು ಭಯಂಕರವಾಗಿ ತೋರುವ ಘಟ್ಟ ಇದು.

ಪಾಶ್ಚಾತ್ಯ ಗ್ರಂಥಗಳೆಲ್ಲವೂ ಮೊದಲ ಚಿಹ್ನೆಯನ್ನು 'ಕೆಂಪು' ಎಂದೇ ಬಣ್ಣಿಸುತ್ತವೆ. ರೋಗದ ತೀವ್ರತೆಯನ್ನು ಗುರುತಿಸುವ ಮೆಟ್ಟಿಲುಗಳೂ ಆ ಕೆಂಪಿನ ಮೇಲೆಯೇ ಕಟ್ಟಲ್ಪಟ್ಟಿವೆ. ಬಿಳಿಯ ತೊಗಲಿಗೆ ಅದು ಸರಿ. ನಮ್ಮವರ ಎಣ್ಣೆಗೆಂಪು, ಕಪ್ಪು ಬಣ್ಣಗಳ ಚರ್ಮದಲ್ಲಿ ಕೆಂಪು ಕಾಣುವುದು ಅಪರೂಪ. ಕಿರಣವು ಬಣ್ಣದ ಕಣಗಳನ್ನು ಕೆರಳಿಸಿ ಅಲ್ಲಿ ಮಸಿ ಬಳಿದಂತೆ ಕಪ್ಪಾಗುವುದೇ ಹೆಚ್ಚು. ಇದರಿಂದ ಎರಡು ತೊಂದರೆಗಳು. ಕೆಂಪನ್ನೇ ಹುಡುಕುವ ಕಣ್ಣಿಗೆ ಮೊದಲ ಎಚ್ಚರಿಕೆ ತಪ್ಪಿಹೋಗುವುದು ಒಂದು. ಕಪ್ಪನ್ನು ಕಂಡ ಮನೆಯವರು 'ಕರಿಕಾಗಿಹೋಯಿತು' ಎಂದು ಎದೆಗೆಡುವುದು ಇನ್ನೊಂದು. ನಮ್ಮಲ್ಲಿ ಬಣ್ಣಕ್ಕಿಂತ ಕೈಯ ಬೆನ್ನಿಗೆ ಹತ್ತುವ ಬಿಸುಪನ್ನೂ, ರೋಗಿಯು ಹೇಳುವ ನವೆ ಬಿಗಿತಗಳನ್ನೂ ನಂಬುವುದು ಲೇಸು. ಈ ಕಪ್ಪು ಸುಟ್ಟ ಕರಿಕಲ್ಲ. ಬಹುಮಂದಿಯಲ್ಲಿ ಅದು ತಿಂಗಳುಗಳಲ್ಲಿ ಕ್ರಮವಾಗಿ ತಿಳಿಯಾಗುವುದು.

ಎಲ್ಲಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಚರ್ಮದ ವಿಕಾರವು ಚಿಕಿತ್ಸೆ ಮುಗಿದೊಡನೆ ಇಳಿಮುಖವಾಗುವುದಿಲ್ಲ. ತಳದ ಸಾಲು ಚೇತರಿಸಿಕೊಳ್ಳಲು ಕಾಲ ಬೇಕಾದುದರಿಂದ, ಮುಗಿದ ಮೇಲೆ ಒಂದೆರಡು ವಾರಗಳವರೆಗೆ ಅದು ಏರುತ್ತಲೇ ಹೋಗಿ, ಆಮೇಲೆ ಸುಮಾರು ನಾಲ್ಕು ವಾರಗಳಲ್ಲಿ ಮಾಯುವುದು. ಆಸ್ಪತ್ರೆಯಲ್ಲಿ ಎಲ್ಲರೂ 'ಮುಗಿಯಿತು, ಊರಿಗೆ ಹೋಗಿ' ಎಂದು ಕಳುಹಿಸಿದ ಮೇಲೆ, ಊರಿನಲ್ಲಿ ಕೈಯಳತೆಯಲ್ಲಿ ವೈದ್ಯರಿಲ್ಲದಿರುವಾಗ, ಚರ್ಮವು ಅತ್ಯಂತ ಕೆಟ್ಟ ಸ್ಥಿತಿಯನ್ನು ತಲಪುವುದು. ಇದನ್ನು ಮೊದಲೇ ಹೇಳಿಸಿಕೊಂಡ ರೋಗಿಯು ಸಮಾಧಾನದಿಂದಿರುವನು. ಹೇಳಿಸಿಕೊಳ್ಳದವನು ರೋಗವೇ ಉಲ್ಬಣಿಸಿತೆಂದು ತಿಳಿದು, ಸಿಕ್ಕಿದವರಿಂದ ಸಿಕ್ಕಿದ ಲೇಪವನ್ನು ಹಚ್ಚಿಸಿಕೊಳ್ಳುವನು.

ಇದಕ್ಕಿಂತಲೂ ಅನರ್ಥಕಾರಿಯಾದುದು ನಡುವೆಯೇ ಚಿಕಿತ್ಸೆಯನ್ನು ಬಿಟ್ಟುಹೋಗುವುದು. ಹೊಗೆಸೊಪ್ಪು ಅಡಿಕೆಗಳ ದೆಸೆಯಿಂದ ನಮ್ಮ ದೇಶದಲ್ಲಿ ಬಾಯಿ ಗಂಟಲುಗಳ ಅರ್ಬುದ ಬಹಳ. ಇದಕ್ಕೆ 66ರಿಂದ 70 ಗ್ರೇಯನ್ನು ಆರೇಳು ವಾರಗಳಲ್ಲಿ ಕೊಡಬೇಕು. ಕತ್ತಿನ ಚರ್ಮವು ಬಿರಿಯುವುದು ಐದನೆಯ ವಾರದ ವೇಳೆಗೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಲ್ಲಿ ಸ್ಥಾಪಿತವಾದ ಮೇಲೆ ನಾಡಿನ ದೂರದೂರದ ಜಿಲ್ಲೆಗಳಿಂದ ಈ ಚಿಕಿತ್ಸೆಗಾಗಿ ಜನರು ರಾಜಧಾನಿಗೆ ಬಂದು ವಾರಗಟ್ಟಲೆ ತಂಗುವುದು ರೂಢಿಯಾಯಿತು. ಈಗ ಬೇರೆ ನಗರಗಳಲ್ಲಿಯೂ ಯಂತ್ರಗಳಿವೆ. ಆದರೂ ಶನಿವಾರ ಊರಿಗೆ ಹೋದ ರೋಗಿಯು ಕತ್ತಿನ ಹುಣ್ಣನ್ನು ಕಂಡ ಬಂಧುಗಳ ಮಾತಿಗೆ ಕಟ್ಟುಬಿದ್ದು ಸೋಮವಾರ ಹಿಂತಿರುಗದೆ ಇರುವುದು ಎಲ್ಲೆಡೆಯೂ ಉಂಟು. ಇದರ ಬೆಲೆಯೆಷ್ಟು? ಅರ್ಬುದದ ಕಣಗಳು ಏಟು ತಿಂದ ಮೇಲೆ, ನಾಲ್ಕನೆಯ ವಾರದ ಸುಮಾರಿನಿಂದ, ಮೊದಲಿಗಿಂತ ಬೇಗಬೇಗನೆ ಮರಿಹಾಕತೊಡಗುವುವು. ಈ ಅವಧಿಯಲ್ಲಿ ಚಿಕಿತ್ಸೆ ನಿಂತರೆ ಅವುಗಳಿಗೆ ಬಿಡುವು ಕೊಟ್ಟಂತೆ. ತಲೆ ಕತ್ತುಗಳ ಅರ್ಬುದದಲ್ಲಿ ಹೀಗೆ ಕಳೆದ ಒಂದೊಂದು ದಿನಕ್ಕೂ ರೋಗವು ಹತೋಟಿಗೆ ಬರುವ ಸಂಭವವು ನೂರಕ್ಕೆ ಒಂದರ ಆಸುಪಾಸಿನಲ್ಲಿ ಕುಗ್ಗುವುದೆಂದು ತಜ್ಞರ ಲೆಕ್ಕ. ಹತ್ತು ದಿನ ಎಂದರೆ ನೂರಕ್ಕೆ ಹತ್ತು! ತಿಂಗಳಲ್ಲಿ ಮಾಯುವ ಚರ್ಮವನ್ನು ಉಳಿಸಲು ಹೋಗಿ ತೆರುವ ಬೆಲೆ ಇದು. ಚರ್ಮದ ಸ್ಥಿತಿ ನೋಡಿ ವೈದ್ಯರೇ ಒಂದೆರಡು ದಿನ ತಡೆಯುವುದುಂಟು. ಕಳೆದ ದಿನಗಳನ್ನು ಹೇಗೆ ತುಂಬಬೇಕೆಂಬುದೂ ಅವರಿಗೆ ತಿಳಿದಿದೆ. ರೋಗಿಯು ತಾನಾಗಿ ನಿಲ್ಲಿಸಕೂಡದು.

ಹಾಗಾದರೆ ಚರ್ಮವನ್ನು ಕಾಪಾಡುವ ಬಗೆ ಹೇಗೆ? ಇಲ್ಲಿ ನಿಷೇಧಗಳ ದೊಡ್ಡ ಪಟ್ಟಿಯೇ ಪ್ರಚಾರದಲ್ಲಿದೆ. ಅದರ ಶಿಖರದಲ್ಲಿರುವುದು 'ಆ ಜಾಗಕ್ಕೆ ನೀರು ಸೋಕಿಸಬೇಡಿ' ಎಂಬ ಕಟ್ಟಳೆ. ಚಿಕಿತ್ಸೆಗೆ ಗುರಿ ಹಿಡಿಯಲು ಮೈಮೇಲೆ ಬಣ್ಣದ ಗೆರೆಗಳನ್ನು ಎಳೆಯುತ್ತಿದ್ದುದರಿಂದಲೂ, ಸಾಬೂನಿನ ಘಾಟಿನ ಭಯದಿಂದಲೂ ಇದು ಬೇರೂರಿರಬೇಕು. ಸ್ನಾನವಿಲ್ಲದೆ ಊಟಕ್ಕೆ ಕೂರದ ನಮ್ಮವರಿಗೆ ಐದಾರು ವಾರ ಮೈಗೆ ನೀರಿಲ್ಲವೆಂದರೆ ಅದೇ ಒಂದು ಶಿಕ್ಷೆ. ನಮ್ಮ ಬೇಸಗೆಯ ಬೆವರಿನಲ್ಲಿ ಇದರಿಂದ ಕೇಡೇ ಹೊರತು ಗುಣವಿಲ್ಲ. ಕೆನಡಾ ದೇಶದ ಕ್ಯೂಬೆಕ್ಕಿನಲ್ಲಿ ಸ್ತನದ ಅರ್ಬುದವಿದ್ದ 99 ಮಂದಿಯನ್ನು ಎರಡು ಪಂಗಡ ಮಾಡಿ, ಒಂದು ಪಂಗಡದವರಿಗೆ ನೀರು ಸಾಬೂನುಗಳಿಂದ ಮೆಲ್ಲಗೆ ತೊಳೆದುಕೊಳ್ಳಲು ಹೇಳಿ, ಇನ್ನೊಂದು ಪಂಗಡದವರಿಗೆ ತೊಳೆಯಕೂಡದೆಂದು ಹೇಳಿ ನೋಡಿದರು. 2001ರಲ್ಲಿ ಪ್ರಕಟವಾದ ಫಲವೇನು? ನೀರೊಸರುವ ಘಟ್ಟವನ್ನು ಮುಟ್ಟಿದವರು ತೊಳೆಯದವರಲ್ಲಿ ನೂರಕ್ಕೆ 33 ಮಂದಿ, ತೊಳೆದವರಲ್ಲಿ ನೂರಕ್ಕೆ 14 ಮಂದಿ. ಅಷ್ಟು ಚಿಕ್ಕ ಪರೀಕ್ಷೆಯಿಂದ ಸ್ನಾನವೇ ಔಷಧವೆಂದು ಸಾರಲಾಗದು. ಸ್ನಾನವು ವಿಷವಲ್ಲವೆಂಬುದಕ್ಕಂತೂ ಅದು ಸಾಲುವುದು. ಅಲ್ಲಿಂದೀಚೆಗೆ ದೊಡ್ಡ ಆಸ್ಪತ್ರೆಗಳು ಉಗುರುಬೆಚ್ಚನೆಯ ನೀರಿನಿಂದಲೂ ಸೌಮ್ಯವಾದ ಸಾಬೂನಿನಿಂದಲೂ ತೊಳೆದು, ಉಜ್ಜದೆ, ಮೆತ್ತನೆಯ ಬಟ್ಟೆಯನ್ನು ಒತ್ತಿ ಒರೆಸಿಕೊಳ್ಳಬೇಕೆಂದೇ ಹೇಳುತ್ತವೆ. ಗುರುತಿನ ಗೆರೆಗಳು ಮೈಮೇಲಿದ್ದರೆ ಅವು ಅಳಿಯದಂತೆ ನೋಡಿಕೊಂಡರಾಯಿತು. ಹಂಡೆಯ ಕುದಿನೀರು, ಸೀಗೆಪುಡಿ, ಕಡಲೆಹಿಟ್ಟು, ತೆಂಗಿನ ನಾರು ಇವುಗಳ ಸ್ನಾನಕ್ಕೆ ಆ ಜಾಗದ ಮಟ್ಟಿಗೆ ಕೆಲವು ಕಾಲ ರಜೆ ಕೊಡಬೇಕು.

ಅರಿಸಿನದ ವಿಚಾರ ಕೇಳದವರಿಲ್ಲ. ಅದರ ಸಾರವಾದ ಕರ್ಕ್ಯುಮಿನ್ ಎಂಬ ವಸ್ತುವನ್ನು ಅಮೆರಿಕದಲ್ಲಿ ಗುಳಿಗೆಯಾಗಿ ನುಂಗಿಸಿ ಪರೀಕ್ಷಿಸಿದರು. 2013ರಲ್ಲಿ 30 ಮಂದಿಯಲ್ಲಿ ಗುಣ ಕಂಡಿತು, ಎಲ್ಲರೂ ಹಿಗ್ಗಿದರು. 2018ರಲ್ಲಿ 686 ಮಂದಿಯಲ್ಲಿ ಮತ್ತೆ ನೋಡಿದಾಗ ಆ ಗುಣ ಕಾಣಲಿಲ್ಲ. ಅರಿಸಿನದ ಪುಡಿಯನ್ನು ಬಿರಿದ ಚರ್ಮಕ್ಕೆ ಬಳಿಯುವುದಕ್ಕೆ ಈ ಪರೀಕ್ಷೆಗಳಲ್ಲಿ ಯಾವ ಆಧಾರವೂ ಇಲ್ಲ. ಹುಡಿಯು ಹುಣ್ಣಿನಲ್ಲಿ ಕೂತು ಹಕ್ಕಳೆಗಟ್ಟಿ ತೊಳೆಯುವಾಗ ಚರ್ಮವನ್ನು ಕಿತ್ತು ತರುವುದು. ಲೋಳೆಸರದ ತಿರುಳಿಗೂ ಅದಕ್ಕಿರುವ ಕೀರ್ತಿಗೆ ತಕ್ಕ ಪ್ರಮಾಣ ದೊರೆತಿಲ್ಲ. ಫ್ರಾನ್ಸಿನ ಲಿಯಾನ್ ನಗರದಲ್ಲಿ 254 ಮಂದಿಯ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕ್ಯಾಲೆಂಡುಲಾ ಹೂವಿನ ಮುಲಾಮು ಕೊಂಚ ಮೇಲಾಗಿ ಕಂಡಿತು. ನವೆ ಉರಿಗಳು ಮೊದಲಾಗುವ ಮುನ್ನವೇ ವೈದ್ಯರು ಕೊಡುವ ಸ್ಟೀರಾಯ್ಡ್ ಮುಲಾಮಿಗೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ. ಆದರೆ ಅದು ಅಂಗಡಿಯಿಂದ ತಾನಾಗಿ ತಂದು ಹಚ್ಚುವ ವಸ್ತುವಲ್ಲ. ಮುಲಾಮು ಹಚ್ಚಿಕೊಂಡು ಯಂತ್ರದ ಕೆಳಗೆ ಮಲಗಿದರೆ ಚರ್ಮ ಹೆಚ್ಚು ಕೆಡುವುದೆಂಬ ಇನ್ನೊಂದು ಭಯವಿತ್ತು. 2018ರಲ್ಲಿ ಅಳೆದು ನೋಡಿದಾಗ, ತೆಳುವಾಗಿ ಹಚ್ಚಿದ ಲೇಪದಿಂದ ಹಾಗಾಗದು, ಮಂದವಾಗಿ ಮೆತ್ತಿದರೆ ಮಾತ್ರ ಆದೀತು ಎಂದು ಗೊತ್ತಾಯಿತು.

ಉಡುಪಿನ ಮಾತು ಸಣ್ಣದಾದರೂ ಬಿಡತಕ್ಕುದಲ್ಲ. ಬಿಗಿಯಾದ ಕುಪ್ಪಸ, ಗಂಜಿ ಹಾಕಿದ ಕಾಲರು, ಒರಟು ಉಣ್ಣೆ ಇವು ಸಲ್ಲವು. ಹಳೆಯ ಮೆತ್ತನೆಯ ಹತ್ತಿಬಟ್ಟೆಗೆ ಸಮಾನವಾದುದಿಲ್ಲ. ಕತ್ತಿನ ಚಿಕಿತ್ಸೆಯಲ್ಲಿ ಗಂಡಸರು ಕ್ಷೌರದ ಕತ್ತಿಯನ್ನು ಆ ಭಾಗಕ್ಕೆ ತಾಕಿಸಬಾರದು. ಹೆಂಗಸರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಕತ್ತಿನ ಅಥವಾ ಎದೆಯ ಚಿಕಿತ್ಸೆಯಲ್ಲಿ ಮಾಂಗಲ್ಯದ ಸರವನ್ನು ತೆಗೆದಿಡಬೇಕಾಗುತ್ತದೆ. ಲೋಹವು ಕಿರಣವನ್ನು ಚದರಿಸಿ ತನ್ನ ಕೆಳಗಿನ ಚರ್ಮಕ್ಕೆ ಹೆಚ್ಚಿನ ಪೆಟ್ಟನ್ನು ಕೊಡಬಲ್ಲದು, ಸರವು ಬಿರಿದ ಚರ್ಮವನ್ನು ಉಜ್ಜುವುದು. ಎಷ್ಟೋ ಮಂದಿ ಇದನ್ನು ಬಾಯಿಬಿಟ್ಟು ಹೇಳಲಾರದೆ ಒಳಗೇ ಕೊರಗುತ್ತಾರೆ, ಇಲ್ಲವೆ ಸೆರಗಿನ ಮರೆಯಲ್ಲಿ ಉಳಿಸಿಕೊಳ್ಳುತ್ತಾರೆ. ಅತ್ತೆಯೋ ತಾಯಿಯೋ ಮುಂದಾಗಿ 'ತೆಗೆದಿಡಮ್ಮ, ದೋಷವಿಲ್ಲ' ಎಂದು ಹೇಳುವ ಮನೆಗಳಲ್ಲಿ ಈ ಕೊರಗು ಒಂದು ಕ್ಷಣದಲ್ಲಿ ತೀರುವುದು.

ನೀರೊಸರತೊಡಗಿದ ಮೇಲೆ ಮನೆಮದ್ದಿನ ಕಾಲ ಮುಗಿಯಿತು. ಆಗ ಹುಣ್ಣನ್ನು ಒಣಗಿಸಬೇಕೆಂದು ಹಿಂದೆ ನೇರಳೆ ಬಣ್ಣದ ದ್ರವವನ್ನು ಬಳಿಯುತ್ತಿದ್ದರು. ಒಣಗಿ ಬಿರುಕು ಬಿಡುವುದಕ್ಕಿಂತ ಹದವಾದ ತೇವದಲ್ಲಿ ಚರ್ಮ ಬೇಗ ಕೂಡುವುದೆಂಬುದು ತಿಳಿದ ಮೇಲೆ, ಅಂಟದಂಥ ಪಟ್ಟಿಗಳನ್ನು ಕಟ್ಟುವುದು ಬಳಕೆಗೆ ಬಂತು. ಚಿಕಿತ್ಸೆಯ ಮೊದಲ ದಿನದಿಂದಲೇ ತೆಳುವಾದ ಸಿಲಿಕೋನ್ ಪೊರೆಯನ್ನು ಅಂಟಿಸಿ ಉಜ್ಜಾಟವನ್ನು ತಪ್ಪಿಸುವ ಪದ್ಧತಿಯನ್ನು ನ್ಯೂಜಿಲೆಂಡಿನಲ್ಲಿ ಪರೀಕ್ಷಿಸಿ 2014ರಲ್ಲಿ ಒಳ್ಳೆಯ ಫಲವನ್ನು ವರದಿಮಾಡಿದರು. ಅದರ ಬೆಲೆ ಮಾತ್ರ ಎಲ್ಲರಿಗೂ ಎಟುಕುವಂಥದಲ್ಲ. ಜ್ವರ, ದುರ್ವಾಸನೆ, ಹಸಿರು ಹಳದಿ ಕೀವು, ಸಹಿಸಲಾರದ ನೋವು ಇವುಗಳಲ್ಲಿ ಯಾವುದೊಂದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗತಕ್ಕುದು.

ಯಂತ್ರಗಳೂ ಸುಮ್ಮನಿಲ್ಲ. ಸ್ತನದ ಉದ್ದಕ್ಕೂ ಕಿರಣವು ಸಮನಾಗಿ ಬೀಳುವಂತೆ ಅದನ್ನು ತುಂಡುತುಂಡಾಗಿ ಹದಗೊಳಿಸಿ ಕೊಡುವ ವಿಧಾನವನ್ನು ಕೆನಡಾದಲ್ಲಿ ಪರೀಕ್ಷಿಸಿದಾಗ, ನೀರೊಸರುವ ಸ್ಥಿತಿಗೆ ಬಂದವರು ನೂರಕ್ಕೆ 48ರಿಂದ 31ಕ್ಕೆ ಇಳಿದರೆಂದು 2008ರಲ್ಲಿ ತಿಳಿದುಬಂತು. ಅದೇ ವರ್ಷ ಇಂಗ್ಲೆಂಡಿನವರು, ಐದು ವಾರಗಳಲ್ಲಿ 50 ಗ್ರೇ ಕೊಡುವ ಬದಲು ಮೂರು ವಾರಗಳಲ್ಲಿ 40 ಗ್ರೇ ಕೊಟ್ಟರೆ ರೋಗವೂ ಹತೋಟಿಯಲ್ಲಿರುವುದೆಂದೂ ಚರ್ಮಕ್ಕೆ ಹಾನಿಯು ಹೆಚ್ಚದೆಂದೂ ಪ್ರಕಟಿಸಿದರು. ಬಸ್ಸಿನ ಖರ್ಚು, ತಂಗುವ ಖರ್ಚುಗಳನ್ನು ಎಣಿಸಬೇಕಾದ ನಮ್ಮ ರೋಗಿಗಳಿಗೆ ಈ ಎರಡು ವಾರಗಳ ಉಳಿತಾಯವು ಮುಲಾಮುಗಳೆಲ್ಲಕ್ಕಿಂತ ದೊಡ್ಡ ಉಪಕಾರವೆಂದು ನಮ್ಮ ಅಭಿಪ್ರಾಯ.

ಮಾಯ್ದ ಮೇಲೂ ಆ ಚರ್ಮವು ಮೊದಲಿನಂತೆಯೇ ಆಗುವುದೆಂದು ಹೇಳಲಾಗದು. ಅದು ತಿಂಗಳುಗಳ, ವರ್ಷಗಳ ಮೇಲೆ ಕೊಂಚ ಗಟ್ಟಿಯಾಗಬಹುದು. ಸಣ್ಣ ರಕ್ತನಾಳಗಳು ಜೇಡರ ಬಲೆಯಂತೆ ಮೇಲೆ ಕಾಣಬಹುದು. ಕೂದಲು ತೆಳುವಾಗಿಯೇ ಉಳಿಯಬಹುದು. ಮಧ್ಯಾಹ್ನದ ಬಿಸಿಲಿಗೆ ಅದನ್ನು ಒಡ್ಡದಿರುವುದು ಮುಂದೆಯೂ ಅಗತ್ಯ. ವಿಚಿತ್ರವಾದ ಇನ್ನೊಂದು ಘಟನೆಯನ್ನು 1959ರಲ್ಲಿ ವೈದ್ಯರು ಮೊದಲು ಗುರುತಿಸಿದರು: ಎಂದೋ ಕಿರಣ ಬಿದ್ದು ಪೂರ್ತಿಯಾಗಿ ಮಾಯ್ದಿದ್ದ ಚರ್ಮವು, ಬಹುದಿನಗಳ ಮೇಲೆ ಕೆಲವು ಅರ್ಬುದನಾಶಕ ಔಷಧಗಳನ್ನು ಕೊಟ್ಟೊಡನೆ, ಹಳೆಯ ಎಲ್ಲೆಕಟ್ಟಿನೊಳಗೇ ಮತ್ತೆ ಉರಿದೇಳುವುದು. ಆದಕಾರಣ ಹೊಸ ವೈದ್ಯರ ಬಳಿಗೆ ಹೋದಾಗ ತಮಗೆ ಯಾವ ವರ್ಷ, ಮೈಯ ಯಾವ ಭಾಗಕ್ಕೆ, ಎಷ್ಟು ಪ್ರಮಾಣದ ಕಿರಣ ಕೊಟ್ಟಿದ್ದರೆಂಬ ಕಾಗದವನ್ನು ರೋಗಿಯು ಜೊತೆಯಲ್ಲಿ ಒಯ್ಯಬೇಕು. ಚಿಕಿತ್ಸೆ ಮುಗಿದ ದಿನ ಆ ಕಾಗದವನ್ನು ಕೇಳಿ ಪಡೆದು, ಮನೆಪತ್ರಗಳನ್ನಿಡುವ ಪೆಟ್ಟಿಗೆಯಲ್ಲೇ ಅದನ್ನೂ ಇಡತಕ್ಕುದು.